ಅಕ್ಕನ ಅಂಬಲಿ ಗಡಿಗೆ

ಆಕೆಯ ಬಲಗೈ ಮೊಣಕೈವರೆಗೂ ಅಂಬಲಿ ಗಡಿಗೆಯೊಳಗೆ ಇಳಿದಿರುತ್ತಿತ್ತು. ಬಳೆಗಳನ್ನು ಮೇಲಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಸಿಗಿಸಿ, ಕಣ್ಣು ಮುಚ್ಚಿಕೊಂಡು ಜೋಳದ ಹಿಟ್ಟಿನ ಗಂಟುಗಳನ್ನು ಬೆರಳಲ್ಲೇ ಹುಡುಕಿ ಒಡೆಯುತ್ತಿದ್ದಳು. ಎಷ್ಟು ತೊಳೆದರೂ ಆ ಕೈಗೆ ಸಣ್ಣದೊಂದು ಹುಳಿ ವಾಸನೆ ಉಳಿದೇ ಇರುತ್ತಿತ್ತು. ಅದು ಮೂಗಿಗೆ ಬಡಿದರೆ ಸಾಕು, ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು.

ಆಕೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಕುಪ್ಪೇಲೂರಿನ ಹೆಣ್ಣುಮಗಳು, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಬ್ಯಾಡಗಿಯವಳು, ಬಿ.ಕಾಂ. ಓದಿದವಳು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ರಾಣೆಬೆನ್ನೂರಿನ ಆ ಮನೆಗೆ ಸೊಸೆಯಾಗಿ ಬಂದಾಗ, ಅಡುಗೆಮನೆ ಇನ್ನು ನನ್ನದೇ ಎಂದುಕೊಂಡಿದ್ದೆ. ಎಲ್ಲಿಯ ಮಾತು!

ಶಿವರಾತ್ರಿ ಮುಗಿದು ಬಿಸಿಲು ಏರಿದರೆ ಮನೆಮಂದಿಗೆಲ್ಲ ಅಕ್ಕನ ಕೈಯೂಟವೇ ಬೇಕು. ಮಜ್ಜಿಗೆ ಬೆರೆಸಿ, ಉಳ್ಳಾಗಡ್ಡಿ, ಜೀರಿಗೆ ಹಾಕಿದ ತಣ್ಣನೆಯ ಅಂಬಲಿ. ಜೊತೆಗೆ ಎಳೆಸೌತೆ, ಮೂಲಂಗಿ, ಹಸಿ ಮೆಂತ್ಯಸೊಪ್ಪು ಕೊಚ್ಚಿ ಗುರೆಳ್ಳು ಪುಡಿ ಕಲಸಿದ ಪಚಡಿ. ಹೀರೇಕಾಯಿ ಸಿಪ್ಪೆಯನ್ನೂ ಬಿಡದೆ ಚಟ್ನಿ ಅರೆಯುತ್ತಿದ್ದಳು. ಓಣಿಯ ಹೆಂಗಸರು ತಂಬಿಗೆ ಹಿಡಿದು ಬಂದು ನಿಲ್ಲುತ್ತಿದ್ದರು. ಅತ್ತೆ ಒಂದು ಲೋಟ ಕುಡಿದು, "ಜೀವ ತಂಪಾತವ್ವಾ" ಎಂದು ಗೋಡೆಗೆ ಒರಗುತ್ತಿದ್ದರು. ನಾನು ಪುಸ್ತಕ ನೋಡಿ ಏನೇ ಮಾಡಿ ಮುಂದಿಟ್ಟರೂ ಅವರ ಬಾಯಿಂದ ಬರುವುದು ಒಂದೇ ಮಾತು: "ಆತು, ಇಡು." ಅತ್ತೆಯ ಬಾಯಿಂದ ಒಮ್ಮೆಯಾದರೂ, ಆಕೆಗಿಂತ ನಿನ್ನದು ಚಲೋ ಆಗಿದೆ ಅನ್ನಿಸಿಕೊಳ್ಳಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ.

ಆ ಗಡಿಗೆಯೊಳಗೆ ಒಬ್ಬರದೇ ಕೈ ಇಳಿಯಬೇಕು ಎಂಬುದು ಮನೆಯ ರೂಢಿ. ಹಾಗಾಗಿ ನಾನು ಬೇರೆ ಗಡಿಗೆ ಕೊಂಡು ತಂದೆ. ದಿನಾ ಸಾಬೂನು ಪುಡಿ ಹಾಕಿ ತಿಕ್ಕಿ, ಕುದಿಯುವ ನೀರು ಸುರಿದು, ಒಂದು ಕಲೆಯೂ ಉಳಿಯದಂತೆ ತೊಳೆದು ಹಿಟ್ಟು ಕಲಸುತ್ತಿದ್ದೆ. ಅಂಬಲಿ ಒಂದು ದಿನ ಸಪ್ಪೆ, ಮರುದಿನ ನಾತ. ಅಕ್ಕ ಏನೋ ಗುಟ್ಟು ಮುಚ್ಚಿಡುತ್ತಿದ್ದಾಳೆ ಎಂದು ಖಾತ್ರಿಯಾಯಿತು.

"ಅಕ್ಕ, ಅದಕ್ಕ ಏನ್ ಹಾಕ್ತೀರಿ ಖರೇ ಹೇಳ್ರಿ" ಎಂದು ಕೇಳಿದರೆ, "ಏನ್ ಹಾಕ್ಲಿ ತಂಗಿ, ಹಿಟ್ಟು, ನೀರು. ನೀ ಭಾಳ ತಿಕ್ಕತೀ ನೋಡು" ಎಂದು ನಗುತ್ತಿದ್ದಳು. ನನ್ನ ಸ್ವಚ್ಛತೆಯನ್ನು ಆಡಿಕೊಳ್ಳುತ್ತಾಳಲ್ಲ ಎಂದು ಎರಡು ದಿನ ಮಾತು ಬಿಟ್ಟೆ.

ಮುಂದಿನ ಬೇಸಿಗೆಗೆ ಹಾವೇರಿಯ ಒಂದು ಮಹಿಳಾ ಮಂಡಳದವರು ಅಡುಗೆ ಸ್ಪರ್ಧೆ ಇಟ್ಟರು. ಬೇಸಿಗೆಗೆ ಒಗ್ಗುವ ಒಂದು ಪೇಯ, ಒಂದು ತರಕಾರಿ ಪದಾರ್ಥ. ನಾನು ಹೆಸರು ಕೊಟ್ಟೆ. ಸ್ಪರ್ಧೆಯ ದಿನ ಬೆಳಿಗ್ಗೆ ಗಡಿಗೆ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳಬೇಕು, ಅಂಥ ನಾತ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಕೆ ಆಗಲೇ ಕಾಸಿ ಆರಿಸಿಟ್ಟಿದ್ದ ಅಂಬಲಿಯನ್ನು ನನ್ನ ಸ್ಟೀಲ್ ಕ್ಯಾನಿಗೆ ಸುರಿದುಕೊಂಡೆ. ಕದ್ದೆ ಎನ್ನಲು ಈಗ ನಾಚಿಕೆಯಿಲ್ಲ.

ಅತ್ತೆಯೂ ಅಕ್ಕನೂ ನೋಡಲೆಂದು ನನ್ನ ಜೊತೆಗೇ ಬಸ್ಸು ಹತ್ತಿದರು. ತೀರ್ಪುಗಾರ್ತಿ ಬಾಯಿಯವರು ಎಲ್ಲರ ಲೋಟಗಳನ್ನೂ ರುಚಿ ನೋಡುತ್ತ ಬಂದು ನನ್ನ ಮುಂದೆ ನಿಂತರು. "ಎಷ್ಟ್ ಹದವಾಗಿ ಹುಳಿ ಬಂದೈತ್ರಿ! ಹ್ಯಾಂಗ ಮಾಡಿದ್ರಿ?"

ನಾನು ತೊದಲಿದೆ. "ಎರಡು ದಿನ... ನೆನಸಿ..."

ಹಿಂದಿನ ಸಾಲಿನಿಂದ ಅಕ್ಕನ ದನಿ ಕೇಳಿತು. "ನಮ್ಮ ತಂಗಿ ಗಡಿಗಿ ತಿಕ್ಕೂದಿಲ್ರಿ ಬಾಯಾರ. ತಳದಾಗ ಹಳೇ ಹುಳಿ ಒಂದೀಟ ಉಳಿಸೇ ಹೊಸ ಹಿಟ್ಟು ಕಲಸ್ತಾಳ. ಮಂದ್ಯಾಗ ಹೇಳಾಕ ನಾಚಿಕಿ ಆಕೀಗೆ."

ಮೊದಲ ಬಹುಮಾನ ನನಗೇ ಬಂತು. ಚಪ್ಪಾಳೆ ತಟ್ಟಿದವರಲ್ಲಿ ಅಕ್ಕನದೇ ಜೋರು. ನನಗೆ ಕೃತಜ್ಞತೆ ಹುಟ್ಟಿತು ಎಂದುಕೊಂಡಿರಾ? ಛೇ! ಕದ್ದದ್ದನ್ನೂ ಮುಚ್ಚಿದಳು, ಗುಟ್ಟನ್ನೂ ಕೊಟ್ಟಳು, ನನಗೆ ಬೈಯಲು ಏನನ್ನೂ ಉಳಿಸಲಿಲ್ಲ ಎಂದು ಇನ್ನಷ್ಟು ಉರಿದೆ. ಮರಳುವ ಬಸ್ಸಿನಲ್ಲಿ ಆಕೆ ಹೇಳಿದ್ದು ಇಷ್ಟೇ: "ಕ್ಯಾನಿನ ಮುಚ್ಚಳ ಸಡ್ಲ ಆಗೇತಿ, ಸೀರಿ ಮ್ಯಾಲ ಚೆಲ್ಲೀತು, ನೋಡ್ಕೋ."

ಆ ಮೇಲೂ ಆರು ಬೇಸಿಗೆ ಒಂದೇ ಅಡುಗೆಮನೆಯಲ್ಲಿ ಕಳೆದೆವು. ಮಾಡಿದ್ದು ತಪ್ಪಾಯಿತೆಂದು ನಾನು ಒಮ್ಮೆಯೂ ಹೇಳಲಿಲ್ಲ. ಆಕೆ ಒಮ್ಮೆಯೂ ಕೆದಕಲಿಲ್ಲ.

ಒಂದು ಮಾರ್ಚಿನಲ್ಲಿ, ಸೌತೆಕಾಯಿ ಹೆಚ್ಚುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ದವಾಖಾನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮಣ್ಣು ಮುಗಿಸಿ ಗಂಡಸರು ಬರುವಷ್ಟರಲ್ಲಿ ಓಣಿಯ ಹೆಂಗಸರು ಪದ್ಧತಿಯಂತೆ ಮನೆಯನ್ನೆಲ್ಲ ತೊಳೆದಿದ್ದರು. ಇದ್ದಬದ್ದ ಪಾತ್ರೆಗಳನ್ನು ಬರಿದು ಮಾಡಿ, ಬೂದಿ ಹಚ್ಚಿ ತಿಕ್ಕಿದ್ದರು. ಅಕ್ಕನ ಗಡಿಗೆಯೂ ಬಿಸಿಲಲ್ಲಿ ಬೋರಲು ಬಿದ್ದಿತ್ತು. ಒಳಗೆ ಕೈಯಾಡಿಸಿದೆ, ನುಣ್ಣಗಿತ್ತು. ಆಕೆಯ ಹುಳಿ ಒಂದು ಹನಿಯೂ ಉಳಿದಿರಲಿಲ್ಲ.

ತಿಂಗಳು ಕಳೆದ ಮೇಲೆ ಅತ್ತೆ ಬಿಸಿಲಿಗೆ ಬಾಡಿ ಊಟವನ್ನೇ ಬಿಟ್ಟಿದ್ದರು. ನಾನೇ ಬಳೆ ಮೇಲೆ ಸರಿಸಿ ಆ ಗಡಿಗೆಗೆ ಕೈ ಹಾಕಿದೆ. ಮೊದಲೆರಡು ಸಲ ಕೆಟ್ಟಿತು. ಮೂರನೆಯ ಸಲ ಹದ ಬಂತು. ತಿಕ್ಕದೆ, ತಳದಲ್ಲಿ ಉಳಿಸಿ, ದಿನಾ ಕಲಸುತ್ತ ಹೋದೆ. ಎಂಟು ದಿನದ ನಂತರ ಮಜ್ಜಿಗೆ ಬೆರೆಸಿ ಅತ್ತೆಗೆ ಕೊಟ್ಟೆ.

ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ಖರೇ ಹೇಳ್ಲೇನು? ಆಕೀಗಿಂತ ನಿಂದು ಚಲೋ ಆಗೇತಿ."

ಆ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆನೋ! ಸಿಕ್ಕ ಕೂಡಲೇ ಮೈಮೇಲೆ ಕೆಂಡ ಬಿದ್ದಂತಾಯಿತು.

"ಇಲ್ರಿ ಅತ್ತಿ, ಸುಳ್ಳು ಹೇಳಬ್ಯಾಡ್ರಿ. ಅಕ್ಕಂದ ಚಲೋ ಇತ್ತು. ಅವತ್ತ ಹಾವೇರ್ಯಾಗ ಗೆದ್ದದ್ದೂ ಅಕ್ಕನ ಅಂಬಲೀನ. ನಾ ಕದ್ದಿದ್ದೆ."

"ಗೊತ್ತೈತಿ" ಎಂದರು ಅತ್ತೆ. "ದಿನಾ ಕುಡಿಯಾಕಿಗೆ ವಾಸನಿ ಮ್ಯಾಲೇ ತಿಳಿಯೂದಿಲ್ಲೇನು? ಅಲ್ಲೇ ಎದ್ದು ಬೈಯಾಕ ಹೊಂಟಿದ್ದೆ. ಆಕಿ ನನ್ನ ಕೈ ಜಗ್ಗಿ ಕುಂದರಿಸಿದ್ಲು. 'ಸಣ್ಣಾಕಿ ಅದಾಳ್ರಿ ಅತ್ತಿ, ಮಂದಿ ಮುಂದ ತಲಿ ತಗ್ಗಸಾಕ ಹಚ್ಚಬ್ಯಾಡ್ರಿ' ಅಂದ್ಲು."

ಸತ್ತ ಮೇಲೂ ಆಕೆಯೇ ನನಗಿಂತ ದೊಡ್ಡವಳಾದಳಲ್ಲ ಎಂದು ಹೊಟ್ಟೆ ಉರಿಯಿತು. ಇನ್ನು ಯಾರ ಹತ್ತಿರ ಜಗಳ ಆಡಲಿ ಎಂದು ಅಳು ಉಕ್ಕಿ ಬಂತು.