ಮೀಟರಕ್ಕನ ಸೀಟು

ನೀರಿನ ಮೀಟರು ಓದುವ ಕೆಲಸದಲ್ಲಿ ಒಂದು ಜಂಬವಿದೆ: ಸೈಕಲ್ಲಿನಿಂದ ಇಳಿಯಬಾರದು. ಮೀಟರು ಇರುವುದು ಗೇಟಿನ ಪಕ್ಕದ ಗೋಡೆಯಲ್ಲಿ. ಎರಡೂ ಪಾದ ನೆಲಕ್ಕೂರಿ, ಕೂತಲ್ಲಿಂದಲೇ ಕತ್ತು ಚಾಚಿ ಅಂಕಿ ನೋಡಿ, ಪುಸ್ತಕದಲ್ಲಿ ಬರೆದರೆ ಮುಂದಿನ ಮನೆ. ಇಳಿದು ಹತ್ತುವವನು ಹೊಸಬ. ಹಾಗಾಗಿ ಕೆಲಸಕ್ಕೆ ಸೇರಿದ ದಿನವೇ ಹಿರಿಯರು ಸ್ಪ್ಯಾನರ್ ತಂದು ಸೀಟನ್ನು ಪೂರ್ತಿ ತಗ್ಗಿಸಿಕೊಡುತ್ತಾರೆ. ಅದೇ ಅವರ ಆಶೀರ್ವಾದ.

ಇಪ್ಪತ್ತೆರಡು ವರ್ಷದ ಹಿಂದೆ ಆ ಆಶೀರ್ವಾದ ಪಡೆದವಳು ನಮ್ಮ ಮೀಟರಕ್ಕ. ದಿನಕ್ಕೆ ನೂರ ಅರವತ್ತು ಮನೆ, ಅದೇ ಅವಳ 'ಲೈನು'. ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಸದ್ದಿಲ್ಲದೆ ಬಾಯಿ ಹಾಕುತ್ತದೆ ಎಂಬುದೆಲ್ಲ ಬಾಯಿಪಾಠ. ಬರೀ ಅಂಕಿ ನೋಡಿ, ಈ ಮನೆಗೆ ನೆಂಟರು ಬಂದಿದ್ದಾರೆ, ಆ ಮನೆಯಲ್ಲಿ ನಲ್ಲಿ ಸೋರುತ್ತಿದೆ ಎಂದು ಹೇಳುವುದರಲ್ಲಿ ಅವಳದು ಎತ್ತಿದ ಕೈ. ಆ ಬೀದಿಗಳು ತನ್ನವೆಂದೇ ಅವಳ ಲೆಕ್ಕ, ಅದನ್ನು ಮುಚ್ಚಿಟ್ಟುಕೊಳ್ಳುವವಳೂ ಅಲ್ಲ.

ನಲವತ್ತೇಳನೆಯ ವಯಸ್ಸಿಗೆ ಕೂರುವ ಜಾಗವೇ ಕೈಕೊಟ್ಟಿತು. ಮೊದಲು ಜೋಮು, ಆಮೇಲೆ ಉರಿ, ಆಮೇಲೆ ಮಧ್ಯಾಹ್ನದ ಹೊತ್ತಿಗೆ ಹಲ್ಲು ಕಚ್ಚಿಕೊಂಡು ಉಳಿದ ಮನೆ ಎಣಿಸುವ ಪಾಡು. ನೋವು ಇಂಥಲ್ಲಿ ಎಂದು ಯಾರ ಮುಂದೆ ಹೇಳುವುದು? ನಾದಿನಿಯ ಹತ್ತಿರ ಹೇಳಿಕೊಂಡಳು. ನಾದಿನಿ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವವಳು. ಸೀಟಿಗೆ ಸ್ಪಂಜಿನ ಮೆತ್ತೆ ಹೊಲಿದುಕೊಟ್ಟಳು. ಎರಡು ದಿನ ಸ್ವರ್ಗ, ಮೂರನೆಯ ದಿನ ಮತ್ತೆ ಅದೇ ಉರಿ. ಸ್ಪಂಜಿನ ಮೇಲೆ ಹತ್ತಿಯದು ಬಂತು, ಹತ್ತಿಯ ಮೇಲೆ ವೆಲ್ವೆಟ್ಟಿನದು. ಸೀಟು ಬಾಣಂತಿಯ ಹಾಸಿಗೆಯ ಹಾಗಾಯಿತು, ನೋವು ಇದ್ದಲ್ಲೇ ಇತ್ತು.

ಲೈನು ಮುಗಿಸುವುದು ದಿನಾ ಅರ್ಧ ಗಂಟೆ ತಡವಾಗತೊಡಗಿದಾಗ ಕಚೇರಿಯ ಮೇಲ್ವಿಚಾರಕರು ಕರೆಸಿದರು.

"ಈ ತಿಂಗಳ ಕೊನೇವರೆಗೂ ನೋಡ್ತೀನಮ್ಮಾ. ಟೈಮಿಗೆ ಮುಗಿಸೋಕೆ ಆಗ್ಲಿಲ್ಲ ಅಂದ್ರೆ ದೂರು ತಗೊಳ್ಳೋ ಕೌಂಟರಿಗೆ ಬಂದುಬಿಡಿ. ಫ್ಯಾನಿದೆ, ಮೆತ್ತನೆ ಕುರ್ಚಿ ಇದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ಕುರ್ಚಿ ನಿಮ್ಮ ಹತ್ರಾನೇ ಇರ್ಲಿ ಸಾರ್. ಲೈನು ನಂದು," ಎಂದು ಕಡ್ಡಿ ಮುರಿದ ಹಾಗೆ ಹೇಳಿ ಬಂದಳು. ನೂರ ಅರವತ್ತು ಮನೆ ಬಿಟ್ಟು ನಾಲ್ಕು ಗೋಡೆಯೊಳಗೆ ಕೂರುವುದೆಂದರೆ ಅವಳಿಗೆ ಜೈಲೇ.

ಆ ಭಾನುವಾರ ಬೆಳಿಗ್ಗೆ ನಾದಿನಿ ನಾಲ್ಕನೆಯ ಮೆತ್ತೆಗೆ ಕೈ ಹಾಕಿದ್ದಳು. ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ ಮೀಟರಕ್ಕ ಥಟ್ಟನೆ ಕೇಳಿದಳು: "ಅಲ್ವೇ, ನನಗೆ ಮೆತ್ತೆ ಮೇಲೆ ಮೆತ್ತೆ ಹೊಲೀತೀಯ. ನೀನು ಮಾತ್ರ ಬರೀ ಹಲಗೆ ಸ್ಟೂಲಿನ ಮೇಲೆ ಇಡೀ ದಿನ ಹೇಗೇ ಕೂತಿರ್ತೀಯ?"

"ಮೆತ್ತೆ ಮೇಲೆ ಕೂತ್ರೆ ಹೂತುಹೋಗ್ತೀನಿ ಅತ್ತಿಗೆ, ಎಲ್ಲ ಕಡೆ ಒತ್ತುತ್ತೆ. ಹಲಗೆ ಆದ್ರೆ ಮೂಳೆ ಭಾರ ಹೊರುತ್ತೆ, ಉಳಿದಿದ್ದನ್ನ ಕಾಲು ನೋಡ್ಕೊಳ್ಳುತ್ತೆ. ಆದ್ರೆ ಸ್ಟೂಲು ಎತ್ತರ ಇರ್ಬೇಕು. ತಗ್ಗಾಗಿದ್ರೆ ಮಂಡಿ ಮೇಲಕ್ಕೆ ಬಂದು ಇಡೀ ಮೈ ಕುಂಡಿ ಮೇಲೇ ಬೀಳುತ್ತೆ."

"ಅಯ್ಯೋ ಪುಣ್ಯಾತ್ಗಿತ್ತಿ! ಇದನ್ನ ಮೊದಲೇ ಹೇಳೋಕೆ ಏನಾಗಿತ್ತೇ?"

"ನೀವು ಮೆತ್ತೆ ಕೇಳಿದ್ರಿ, ಮೆತ್ತೆ ಕೊಟ್ಟೆ," ಎಂದಳು ನಾದಿನಿ, ತಲೆ ಎತ್ತದೆ.

ಮೀಟರಕ್ಕ ಮೆತ್ತೆಗಳನ್ನೆಲ್ಲ ಕಿತ್ತುಹಾಕಿದಳು. ಸೀಟಿನ ನಟ್ಟಿಗೆ ಇಪ್ಪತ್ತೆರಡು ವರ್ಷದ ತುಕ್ಕು. ಎಣ್ಣೆ ಬಿಟ್ಟು, ಗಂಡನನ್ನೂ ಕರೆದು, ಇಬ್ಬರೂ ಜೋತುಬಿದ್ದ ಮೇಲೆ ಸಡಿಲವಾಯಿತು. ಪೆಡಲು ಕೆಳಗಿಳಿದಾಗ ಕಾಲು ಹೆಚ್ಚು ಕಡಿಮೆ ನೇರವಾಗುವಷ್ಟು ಸೀಟು ಎತ್ತರಿಸಿದಳು. ಈಗ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ. ಅಂದರೆ ಪ್ರತಿ ಗೇಟಿಗೂ ಇಳಿಯಬೇಕು, ಹತ್ತಬೇಕು, ಹೊಸಬಳ ಹಾಗೆ.

ಸೋಮವಾರ ಜೊತೆ ಕೆಲಸದವರು ಬಿದ್ದು ಬಿದ್ದು ನಕ್ಕರು. "ಏನಕ್ಕಾ, ಒಂಟೆ ಹತ್ತಿದ್ದೀರಾ?"

"ಹೌದ್ರೋ. ಮೇಲಿಂದ ನಿಮ್ಮ ಬೋಳುತಲೆ ಎಲ್ಲ ಚೆನ್ನಾಗಿ ಕಾಣ್ತಿವೆ."

ಮಾತಿಗೇನೋ ಸೋಲಲಿಲ್ಲ, ಆದರೆ ಅಂದು ಲೈನು ಮುಗಿಸಿ ಕಚೇರಿಗೆ ಬಂದಿದ್ದು ಒಂದು ಗಂಟೆ ತಡವಾಗಿ. ತೊಡೆಗಳು ಕಲ್ಲಾಗಿದ್ದವು. ಮೇಲ್ವಿಚಾರಕರು ಗಡಿಯಾರ ನೋಡಿದರು. ಮೀಟರಕ್ಕ ಅಂಜಲಿಲ್ಲ, ಏಕೆಂದರೆ ಅವರಿಗೆ ಗೊತ್ತಿಲ್ಲದ ಒಂದು ವಿಷಯ ಅವಳಿಗೆ ಗೊತ್ತಿತ್ತು. ಉರಿ ಇರಲಿಲ್ಲ. ಗಟ್ಟಿ ಸೀಟಿನ ಮೇಲೆ ಮೂಳೆ ಸರಿಯಾಗಿ ಕೂತಿತ್ತು, ಅರ್ಧ ಭಾರ ಕಾಲಿಗೆ ಹೋಗಿತ್ತು, ಗೇಟಿಗೊಮ್ಮೆ ಇಳಿಯುವುದೇ ಮೈಗೆ ಆರಾಮಾಗಿತ್ತು. ಕಾಲು ಪಳಗುವುದೊಂದೇ ಬಾಕಿ. ಹತ್ತನೆಯ ದಿನ ಸರಿಯಾದ ಹೊತ್ತಿಗೆ ಬಂದಳು. ತಿಂಗಳ ಕೊನೆಯ ದಿನ ಇಪ್ಪತ್ತು ನಿಮಿಷ ಮುಂಚೆಯೇ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

ಮೇಲ್ವಿಚಾರಕರು ಹಾಳೆ ತಿರುವಿ ಸಹಿ ಹಾಕಿದರು. "ಸರಿ. ಲೈನು ನಿಮ್ಮದೇ."

ಗೆದ್ದೆ ಅನ್ನಿಸಿ ಅವಳ ಕಣ್ಣು ತುಂಬಿತು. ಹೊರಡುವಷ್ಟರಲ್ಲಿ ಅವರು, "ಒಂದ್ನಿಮಿಷ, ಬಾಗಿಲು ಹಾಕಿ," ಎಂದರು. ದನಿ ತಗ್ಗಿತ್ತು.

"ನನಗೂ ಒಂದು ಲೈನಿತ್ತು. ಹನ್ನೊಂದು ವರ್ಷ ಮೀಟರು ಓದಿದೆ, ನದಿ ಪಕ್ಕದ ಬೀದಿಗಳು. ಪ್ರಮೋಷನ್ ಬಂತು ಅಂತ ಎಲ್ಲರಿಗೂ ಹೇಳ್ಕೊಂಡೆ. ಬಂದಿದ್ದಲ್ಲ, ನಾನೇ ಅರ್ಜಿ ಹಾಕಿ ಕುರ್ಚಿ ಕೇಳ್ದೆ. ನಿಮ್ಮ ಸೀಟಿನ ಮೆತ್ತೆ ನೋಡಿದಾಗ್ಲೇ ಗೊತ್ತಾಯ್ತು, ನನಗಿದ್ದಿದ್ದೂ ಇದೇ ನೋವು. ಮನೇಲೂ ಬಾಯಿ ಬಿಟ್ಟಿಲ್ಲ."

ಮೀಟರಕ್ಕ ಮೇಜಿನ ಹತ್ತಿರಕ್ಕೆ ಸರಿದಳು.

"ಸೀಟು ಎಷ್ಟು ಎತ್ತರಿಸಿದ್ರಿ?" ಎಂದು ಅವರು ಕೇಳಿದರು.

ಅವಳು ಬೆರಳು ಜೋಡಿಸಿ ತೋರಿಸಿದಳು. "ನಾಲ್ಕು ಬೆರಳು ಸಾರ್."

ಅವರು ತಮ್ಮ ಕೈಯನ್ನು ಮೇಜಿನ ಮೇಲಿಟ್ಟು, ನಾಲ್ಕು ಬೆರಳು ಒತ್ತಿ ಜೋಡಿಸಿ, ಅದನ್ನೇ ಬಹಳ ಹೊತ್ತು ನೋಡಿದರು.

"ನಾಲ್ಕೇ?" ಎಂದರು.