ಕೆಂಪು ದಾರದ ಪಾತ್ರೆ

ನನ್ನ ಮೊಮ್ಮಗಳು ಇವತ್ತು ಮೊದಲ ತುತ್ತು ಅನ್ನ ನುಂಗಿದಳು! ಅರ್ಧ ಗಲ್ಲಕ್ಕೆ ಮೆತ್ತಿಕೊಂಡಳು, ಅರ್ಧ ನನ್ನ ಸೀರೆಗೆ ಉಗಿದಳು, ಆದರೂ ಒಂದಿಷ್ಟು ಒಳಗೆ ಹೋಯಿತು. ಕಾಗವಾಡದ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿ ಬಂದಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ, ಬರೆಯದೆ ಇರಲಾರೆ. ಯಾಕೆಂದರೆ ಆ ಅನ್ನ ಬೆಂದದ್ದು ಜಪಾನಿನಲ್ಲಿ ನನ್ನ ಮಗಳಿರುವ ಮನೆಯ ಮಾಲಕಿಯ ಪಾತ್ರೆಯಲ್ಲಿ.

ಅವರ ಎಡಗೈ ತೋರುಬೆರಳಿನ ತುದಿ ಎಂದೋ ಚಾಕು ತಗುಲಿ ಚಪ್ಪಟೆಯಾಗಿತ್ತು. ಆ ಬೆರಳಿನಿಂದಲೇ ಮುಚ್ಚಳ ತಟ್ಟಿ, ಕಿವಿಗೊಟ್ಟು, ಅನ್ನ ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರು. ಅಳಿಯ ಅಲ್ಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮಗಳ ಬಾಣಂತನಕ್ಕೆಂದು ನಾನು ಹೋಗಿದ್ದೆ. ಕೆಳಗಿನ ಮನೆಯ ಈ ಮುದುಕಿ ದಿನಾ ಬಿಸಿ ಸಾರು ತಂದು, ಎರಡೂ ಕೈಯಿಂದ ಕೊಟ್ಟು, ಬಗ್ಗಿ ನಮಸ್ಕರಿಸಿ ಹೋಗುತ್ತಿದ್ದರು.

ನನಗೆ ಸಂಶಯ. ಕೊರಳಲ್ಲಿ ಲಿಂಗ ಕಟ್ಟಿದವಳು, ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. ಆ ಊರಲ್ಲಿ ಚಹಾ ಬಿಟ್ಟರೆ ಎಲ್ಲದರಲ್ಲೂ ಮೀನು ಎಂದು ಅಳಿಯನೇ ಹೇಳಿದ್ದ. ಅದರ ಮೇಲೆ ಪಾತ್ರೆಯ ಹಿಡಿಕೆಗೆ ಒಂದು ಕೆಂಪು ದಾರ ಬೇರೆ!

"ದಾರ ಯಾಕ ಕಟ್ಯಾಳ? ಮಾಟ ಗೀಟ ಐತೇನು? ಕುಡೀಬ್ಯಾಡ."

"ಯವ್ವಾ, ಒಂಬತ್ತ ತಿಂಗಳ ಇದನ್ನ ಕುಡದೇನಿ. ಏನಾಗೇತಿ ನನಗ?" ಎಂದು ಮಗಳು ನಕ್ಕಳು.

ನಾನು ನಗಲಿಲ್ಲ. ಅವಳು ಮಲಗಿದ ಮೇಲೆ ಸಾರನ್ನು ಸಿಂಕಿಗೆ ಸುರಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಮುದುಕಿ, ಕೈಯಲ್ಲಿ ತರಲು ಮರೆತಿದ್ದ ಚಮಚ. ಅದನ್ನಿಟ್ಟು ಹೋದರು.

ಮರುದಿನ ಬೆಳಿಗ್ಗೆ ಬಂದವರೇ ನನ್ನ ಕೈ ಹಿಡಿದು ತಮ್ಮ ಅಡಿಗೆಮನೆಗೆ ಕರೆದೊಯ್ದರು. ಕೂಸನ್ನೆತ್ತಿಕೊಂಡು ಮಗಳೂ ಬಂದಳು. ಒಲೆಯ ಮೇಲೆ ಎರಡು ಪಾತ್ರೆ, ದಾರ ಒಂದಕ್ಕಷ್ಟೇ. ದಾರವಿಲ್ಲದ್ದರ ಮುಚ್ಚಳ ತೆಗೆದರು, ಮೀನಿನ ವಾಸನೆ ರಪ್ಪನೆ ಬಡಿಯಿತು. ಮೂಗು ಮುಚ್ಚಿಕೊಂಡೆ. ದಾರವಿದ್ದದ್ದರಲ್ಲಿ ಕಪ್ಪನೆಯದೇನೋ ನೆನೆದಿತ್ತು.

"ಇದ ಯಾವ ದನದ ತೊಗಲಬೇ?"

"ತೊಗಲಲ್ಲ ಯವ್ವಾ, ಸಮುದ್ರದಾಗಿನ ಸೊಪ್ಪು." ಮಗಳು ಅವರನ್ನು ಏನೋ ಕೇಳಿದಳು, ಕೇಳಿ ನನ್ನ ಕಡೆ ತಿರುಗಿದಳು. "ನಾ ಮೀನ ತಿನ್ನಂಗಿಲ್ಲಂತ ಗೊತ್ತಾದ ದಿನಾನ ಅವರು ನನ್ನ ಸಲುವಾಗಿ ಬ್ಯಾರೆ ಪಾತ್ರೆ ತಂದಾರಂತ. ಅದೂ ಇದೂ ಕೂಡಬಾರದಂತ ದಾರ. ನನಗೂ ಈಗ ತಿಳೀತು."

ಮುದುಕಿ ಆ ಚಪ್ಪಟೆ ಬೆರಳಿನಿಂದ ದಾರ ಮುಟ್ಟಿ ತೋರಿಸಿದರು. "ಸಕಾನ ನೈ." ಮೀನು ಇಲ್ಲ. ಅವತ್ತಿನ ಸಾರನ್ನು ನಾನು ಅಲ್ಲೇ ನಿಂತು ಕುಡಿದೆ.

ಸಂಜೆ ರೊಟ್ಟಿ, ಗುರೆಳ್ಳ ಹಿಂಡಿ ಒಯ್ದುಕೊಟ್ಟೆ. ಅವರು ಆ ಕಪ್ಪು ಚಟ್ನಿಪುಡಿಯನ್ನು ಮೂಸಿ, ಹುಬ್ಬೇರಿಸಿ, ನನ್ನನ್ನು ಓರೆಗಣ್ಣಲ್ಲಿ ನೋಡಿದರು. "ಸಕಾನ?" ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು.

ಹೋದ ತಿಂಗಳು ಅವರು ತೀರಿಕೊಂಡರು. ಪಾತ್ರೆ ನನ್ನ ಮಗಳಿಗೆ ಎಂದು ಮನೆಯವರಿಗೆ ಹೇಳಿ ಹೋದರಂತೆ. ಮೊನ್ನೆ ಅಳಿಯನ ಜೊತೆ ಊರಿಗೆ ಬರುವಾಗ ಮಗಳು ಅದನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ನನ್ನ ಸೊಸೆ ದೂರದಿಂದಲೇ ಮೂಗು ಮುರಿದಳು.

"ಅತ್ತೀ, ಇದರಾಗ ಏನೇನ ಕುದಿಸ್ಯಾರೋ ಏನೋ."

"ಸಕಾನ ನೈ," ಎಂದೆ. ದಾರ ಬಿಚ್ಚಲು ಬಿಡಲಿಲ್ಲ.

ಕೂಸಿನ ಊಟವಾದ ಮೇಲೆ ಸಂಜೆ ಎಲ್ಲರಿಗೂ ಅದರಲ್ಲೇ ಅನ್ನ ಇಟ್ಟೆ. ಮಗ, ಸೊಸೆ, ಮಗಳು, ಅಳಿಯ ಸಾಲಾಗಿ ಕೂತರು, ಕೂಸು ನನ್ನ ತೊಡೆಯ ಮೇಲೆ. ಸೊಸೆ ಮೊದಲು ತುತ್ತನ್ನು ಮೂಸಿದಳು. ನಾನು ನೋಡಿಯೂ ನೋಡದಂತೆ ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ತಾಟು ಮುಂದೆ ಚಾಚಿದಳು:

"ಇನ್ನೀಟ ನೀಡ್ರಿ ಅತ್ತೀ."