ಬಾನುಬಿ ತಿಂದು ಕೊಟ್ಟ ಸವತಿ ಬೀಜ

ಬಂಕಾಪುರದ ಸುತ್ತಿನ ಹತ್ತೂರುಗಳಲ್ಲಿ ಹಿತ್ತಲಿರುವ ಹೆಂಗಸರು ಸವತಿಕಾಯಿಯ ಬೀಜವನ್ನು ಅಂಗಡಿಯಿಂದ ತರುವುದಿಲ್ಲ. ಹೊಳಬಸಪ್ಪ ಮಾಸ್ತರರ ತೋಟಕ್ಕೆ ಹೋಗುತ್ತಾರೆ. ತೋಟ ಅಂದರೆ ಸವಣೂರು ರಸ್ತೆಯ ಬದಿಗಿರುವ ನಾಲ್ಕು ಎಕರೆ. ನಿವೃತ್ತರಾದ ಮೇಲೆ ಮಾಸ್ತರರು ಅದನ್ನು ಮಕ್ಕಳ ಹೆಸರಿಗೆ ಬರೆಯದೆ ಒಂದು ಟ್ರಸ್ಟಿಗೆ ಬರೆದುಕೊಟ್ಟರು. ಇವರಿಗೆ ತಲೆ ಕೆಟ್ಟಿದೆ ಎಂದು ಊರವರು ಬಾಯಿಬಿಟ್ಟು ಅಂದರು, ಮಕ್ಕಳು ಮನಸ್ಸಿನಲ್ಲೇ ಅಂದುಕೊಂಡರು. ಅಲ್ಲಿ ಸರಕಾರಿ ಗೊಬ್ಬರವೆಂಬ ರಾಸಾಯನಿಕ ಹಾಕುವುದಿಲ್ಲ, ಹುಳಕ್ಕೆ ಎಣ್ಣೆ ಹೊಡೆಯುವುದಿಲ್ಲ. ಬೆಳೆದ ಕಾಯಿಪಲ್ಲೆ ಶಾಲೆ, ಅಂಗನವಾಡಿಗಳ ಒಲೆಗೆ ಹೋಗುತ್ತದೆ. ಬೀಜ ಮಾತ್ರ ಯಾರು ಬಂದು ಕೇಳಿದರೂ ಉಂಟು. ಒಂದು ಹಿಡಿ ಒಯ್ದವರು ಬೆಳೆ ಬಂದ ಮೇಲೆ ಎರಡು ಹಿಡಿ ತಂದುಕೊಡಬೇಕು ಅನ್ನುವುದೊಂದೇ ಕರಾರು.

ಆ ಬೀಜದ ಯಜಮಾನಿಕೆ ಬಾನುಬಿಯದು. ಸವಣೂರಿನ ಎಲೆತೋಟದವರ ಮಗಳು, ಬಂಕಾಪುರದ ಸೊಸೆ. ಗಂಡ ಮಕ್ತುಮಸಾಬ ತೀರಿಕೊಂಡ ವರ್ಷ ಕಳೆ ಕೀಳಲು ತೋಟಕ್ಕೆ ಬಂದವಳು ನಿಧಾನಕ್ಕೆ ಬೀಜದ ಕೋಣೆ ಸೇರಿದಳು. ಓದು ಬರಹ ಇಲ್ಲ. ಗಡಿಗೆಯ ಬಾಯಿಗೆ ಕಟ್ಟಿದ ಅರಿವೆಯ ಬಣ್ಣ ನೋಡಿ ಯಾವ ಬೀಜ, ಯಾವ ವರ್ಷದ್ದು ಎಂದು ಹೇಳುತ್ತಾಳೆ. ಮಾಸ್ತರರು ಚೀಟಿ ಅಂಟಿಸಿ ನೋಡಿದರು, ಚೀಟಿಯನ್ನು ಇಲಿಗಳು ತಿಂದವು, ಅರಿವೆ ಉಳಿಯಿತು.

ಸವತಿಯ ವಿಷಯದಲ್ಲಿ ಅವಳದೊಂದು ನೇಮ. ಬೀಜಕ್ಕೆಂದು ಬಳ್ಳಿಯಲ್ಲೇ ಬಿಟ್ಟ ಹಣ್ಣನ್ನು ತೊಟ್ಟಿನ ಕಡೆ ಕೊಯ್ದು ಒಂದು ಚೂರು ಬಾಯಿಗೆ ಹಾಕಿಕೊಳ್ಳಬೇಕು. ಬದುವಿನ ಮೇಲೆ ತಾನೇ ಹುಟ್ಟುವ ಕಾಡುಸವತಿಯ ಸಂಗ ಬಿದ್ದರೆ ಒಳ್ಳೆಯ ಬಳ್ಳಿಯ ಸಂತಾನವೂ ಕಹಿಯಾಗುತ್ತದೆ, ಹೊರಗಿನ ಬಣ್ಣದಿಂದ ಅದು ತಿಳಿಯುವುದಿಲ್ಲ. ಕಹಿ ಇದ್ದರೆ ಹಣ್ಣು ತಿಪ್ಪೆಗೆ, ಇಲ್ಲದಿದ್ದರೆ ಬೀಜ ಬೂದಿಯಲ್ಲಿ ಹೊರಳಿ ಗಡಿಗೆಗೆ. ನೂರು ಹಣ್ಣಿದ್ದರೆ ನೂರು ಸಲ. ರೋಜಾದ ಉಪವಾಸವಿರುವ ತಿಂಗಳಲ್ಲಿ ಮಾತ್ರ ಆ ಕೆಲಸ ಜೊತೆಗಾರ್ತಿ ಸಿದ್ದವ್ವನಿಗೆ. ಹೀಗೆ ‘ಬಾನುಬಿ ತಿಂದು ಕೊಟ್ಟ ಬೀಜ’ ಅನ್ನುವುದು ಜನರ ಬಾಯಿಗೆ ಬಿತ್ತು. ಹಾನಗಲ್ಲಿನಿಂದ ಬಸ್ಸು ಹಿಡಿದು ಬಂದವರೂ ಹಾಗೇ ಕೇಳುತ್ತಿದ್ದರು. ಅವಳಿಗೆ ಅದು ದೊಡ್ಡ ಹೆಮ್ಮೆ. ಹೆಮ್ಮೆಪಡಲು ಅವಳ ಹತ್ತಿರ ಬೇರೆ ಏನೂ ಇರಲಿಲ್ಲ ಎಂದರೂ ನಡೆದೀತು.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಹದಿನೈದು ದಿನ ಮಲಗಿ ಎದ್ದಾಗ ಬಾಯಿ ಸಪ್ಪಗಾಗಿತ್ತು. ಜ್ವರದ ಬಾಯಿ, ಸರಿಹೋಗುತ್ತದೆ ಅಂದುಕೊಂಡಳು. ಸರಿಹೋಗಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬೀಳತೊಡಗಿತು. ಸೊಸೆ ಫರ್ಜಾನಾ ಏನೂ ಕೇಳದೆ ಒಲೆಯ ಮುಂದಿನ ಜಾಗ ಹಿಡಿದಳು, ಅತ್ತೆ ಏನೂ ಹೇಳದೆ ಬಿಟ್ಟುಕೊಟ್ಟಳು.

ಆ ವರ್ಷ ಬೇಸಿಗೆಯ ಸವತಿ ಹಣ್ಣಾದದ್ದು ರಂಜಾನ ಮುಗಿದ ಮೇಲೆ. ಒಂದು ವಾರ ಮೊದಲು ಹಣ್ಣಾಗಿದ್ದರೆ ಸಿದ್ದವ್ವನ ಕಡೆಗೆ ದಾಟಿಸಬಹುದಿತ್ತು, ಆ ನೆಪವೂ ಸಿಗಲಿಲ್ಲ. ಬಾನುಬಿ ಈಳಿಗೆಯ ಮುಂದೆ ಕುಳಿತಳು. ಕೊಯ್ದಳು, ಅಗಿದಳು, ಉಗುಳಿದಳು, ತಲೆಯಾಡಿಸಿದಳು. ಎಲ್ಲರೂ ವರ್ಷವರ್ಷ ನೋಡಿದ್ದ ನೋಟವೇ. ಅವಳ ಬಾಯಿಗೆ ಮಾತ್ರ ಸವತಿಯೂ ಒಂದೇ, ಹುಲ್ಲೂ ಒಂದೇ ಆಗಿತ್ತು. ಇಷ್ಟು ವರ್ಷ ಆರಿಸಿದ ತಳಿ, ಎಷ್ಟು ಕಹಿ ಇದ್ದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆಗಲೇ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಈಗ ಕೇಳುವುದು ಸುಲಭ. ರುಚಿ ಹೋದ ಬಾನುಬಿ ಮತ್ತೆ ಕಳೆ ಕೀಳುವ ಬಾನುಬಿಯಾಗುತ್ತಾಳೆಂಬ ಹೆದರಿಕೆ ಅವಳಿಗಿತ್ತು. ಅದು ತೀರ ಸುಳ್ಳು ಹೆದರಿಕೆಯೂ ಅಲ್ಲ.

ಮುಂಗಾರಿಗೆ ಬೀಜ ಮನೆಮನೆಗೆ ಹೋಯಿತು. ಶ್ರಾವಣದಲ್ಲಿ ತಡಸದ ಗುಲ್ನಾರ ಒಬ್ಬಳೇ ಬಂದಳು. ಪ್ರತಿ ವರ್ಷ ಬೀಜ ಒಯ್ಯುವವಳು. ಸೆರಗಿನ ಮರೆಯಿಂದ ಒಂದು ಎಳೆ ಸವತಿಕಾಯಿ ತೆಗೆದು, ಖಾಲಾ, ಒಂದು ಸಲ ನೋಡಿರಿ ಎಂದಳು. ಬಾನುಬಿ ಕಡಿದು ಅಗಿದಳು. ಈ ಸಲ ಉಗುಳಲಿಲ್ಲ. ನುಂಗಿ, ಇನ್ನೊಂದು ತುಂಡು ಕಡಿದು, ಚಲೋ ಬಂದಿದೆಯಲ್ಲ ಎಂದಳು. ಗುಲ್ನಾರಳ ಮುಖದಲ್ಲಿ ಮೊದಲು ಅಚ್ಚರಿ ಕಾಣಿಸಿತು, ಆಮೇಲೆ ಕನಿಕರ. ಉಳಿದ ಕಾಯಿಯನ್ನು ಬಾನುಬಿಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಹೊರಟುಹೋದಳು. ಆ ಕಾಯಿ ಎಷ್ಟು ಕಹಿ ಇತ್ತೆಂದು ಬಾನುಬಿಗೆ ಆ ಮುಖದಿಂದಲೇ ಗೊತ್ತಾಯಿತು.

ಜನ ಬಂದು ಬೈಯುತ್ತಾರೆಂದು ಕಾದಳು. ಯಾರೂ ಬರಲಿಲ್ಲ. ಬಾನುಬಿ ತಿಂದು ಕೊಟ್ಟ ಬೀಜ ಕಹಿಯಾಗುವುದಾದರೂ ಹೇಗೆ? ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿಕೊಂಡರು. ಒಬ್ಬಳು ಬೋರಿನ ನೀರು ಅಂದಳು, ಒಬ್ಬಳು ದೃಷ್ಟಿ ಅಂದಳು, ಯಾರದೋ ಪಕ್ಕದ ಮನೆಯ ಬೇವಿನ ಮರವೂ ಬೈಸಿಕೊಂಡಿತು. ಸಿದ್ದವ್ವ ಈ ಸುದ್ದಿಗಳನ್ನು ನಗುತ್ತ ತಂದು ಹೇಳುವಾಗ ಬಾನುಬಿ ಅವಳ ಮುಖ ನೋಡುತ್ತಿರಲಿಲ್ಲ.

ಸೀಗಿ ಹುಣ್ಣಿಮೆಯ ಹಿಂದಿನ ಭಾನುವಾರ ಬೀಜ ಮರಳಿಸುವ ದಿನ. ತಂದ ಬೀಜವೆಲ್ಲ ಬಾನುಬಿಯ ಮೊರಕ್ಕೆ ಬೀಳಬೇಕು, ಅಲ್ಲಿಂದ ಗಡಿಗೆಗೆ, ಗಡಿಗೆಯಿಂದ ಬರುವ ವರ್ಷ ಇದರ ಎರಡರಷ್ಟು ಮನೆಗಳಿಗೆ. ಕಹಿ ಬಳ್ಳಿಯ ಬೀಜ ಒಮ್ಮೆ ಬೆರೆತರೆ ಬೇರೆ ಮಾಡಲು ಯಾರಿಂದಲೂ ಆಗದು. ಇದು ಬಾನುಬಿಗೆ ಗೊತ್ತಿದ್ದಷ್ಟು ಅಲ್ಲಿ ಇನ್ನಾರಿಗೂ ಗೊತ್ತಿರಲಿಲ್ಲ. ಆದರೂ ಮೊರ ಹಿಡಿದು ಕುಳಿತಿದ್ದಳು. ನಾಲ್ಕು ಜನ ಬಂದು ಸುರಿದರು, ಸುಮ್ಮನಿದ್ದಳು.

ಐದನೆಯವಳು ಶಿಗ್ಗಾಂವಿಯ ಶ್ವೇತಾ, ಮದುವೆಯಾಗಿ ವರ್ಷ ತುಂಬದ ಸೊಸೆ. ಬರಿಗೈಲಿ ಬಂದಿದ್ದಳು. ದೂರದಲ್ಲೇ ನಿಂತು ನೆಲ ನೋಡುತ್ತ ಹೇಳಿದಳು.

"ನಾ ಬೀಜ ತಂದಿಲ್ರಿ ಅಕ್ಕಾರ. ನಮ್ಮ ಬಳ್ಳಿ ಕಹಿ ಆತ್ರಿ. ನಾ ಅರಿವಿ ಒಗದ ಸಾಬಾಣದ ನೀರು ಚೆಲ್ಲಿದ್ದಕ್ಕ ಹಂಗಾತಂತ ನಮ್ಮತ್ತಿ ದಿನಾ ಅಂತಾರ್ರಿ. ತಪ್ಪಾತ್ರಿ."

ಬಾನುಬಿ ಮೊರವನ್ನು ನೆಲಕ್ಕಿಟ್ಟಳು.

"ನಿಂದೇನೂ ತಪ್ಪಿಲ್ಲವಾ, ನಂದು. ಚಳಿಗಾಲದ ಜ್ವರದಾಗ ನನ್ನ ಬಾಯಿ ರುಚಿ ಹೋತು. ಯಾರಿಗೂ ಹೇಳ್ಲಿಲ್ಲ. ತಿಂದಂಗ ಮಾಡಿ ಬೀಜ ಕೊಟ್ಟೇನಿ. ಬಾನುಬಿನೇ ಸುಳ್ಳು ಹೇಳ್ಯಾಳಂತ ನಿಮ್ಮತ್ತಿಗೆ ಹೋಗಿ ಹೇಳು."

ಪಕ್ಕದಲ್ಲೇ ಕುಳಿತಿದ್ದ ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೈಯಲಿಲ್ಲ. ಬೀಜ ತೆಗೆಯುವ ಮೊದಲು ನಿಮ್ಮಲ್ಲಿ ಎಷ್ಟು ಜನ ಹಣ್ಣನ್ನು ತಿಂದು ನೋಡಿದಿರಿ ಎಂದು ಸುತ್ತ ನಿಂತವರನ್ನು ಕೇಳಿದರು. ಒಬ್ಬರೂ ನೋಡಿರಲಿಲ್ಲ. ಬಾನಕ್ಕ ತಿಂದು ಕೊಟ್ಟಮೇಲೆ ನಾವೇಕೆ ತಿನ್ನಬೇಕು ಎಂದು ಒಬ್ಬಳು ಅಂದದ್ದು ಎಲ್ಲರ ಉತ್ತರವೂ ಆಗಿತ್ತು. ಹಿಂದೆ ನಿಂತಿದ್ದ ಗುಲ್ನಾರ ಮುಂದೆ ಬಂದು ಸೆರಗಿನ ಗಂಟು ಬಿಚ್ಚಿದಳು. ಮೂರು ಬಳ್ಳಿಗಳಲ್ಲಿ ಕಹಿಯಾದ ಎರಡನ್ನು ಕಿತ್ತು, ತಿಂದು ನೋಡಿದ ಮೂರನೆಯದರ ಬೀಜ ಮಾತ್ರ ತಂದಿದ್ದಳು. ಅದು ಎರಡು ಹಿಡಿ. ಮೊರದಲ್ಲಿದ್ದದ್ದೂ ಉಳಿದವರು ತಂದದ್ದೂ ಒಲೆಗೆ ಹೋಯಿತು. ಸಿದ್ದವ್ವ ಎಂಟು ದಿನ ಬಾನುಬಿಯ ಜೊತೆ ಮಾತಾಡಲಿಲ್ಲ. ಬೀಜ ಕೆಟ್ಟಿದ್ದಕ್ಕಲ್ಲ, ತನಗೂ ಹೇಳಲಿಲ್ಲವಲ್ಲ ಎಂಬ ಸಿಟ್ಟಿಗೆ.

ಮರುವರ್ಷದ ಬೇಸಿಗೆಗೆ ಗುಲ್ನಾರಳ ಎರಡು ಹಿಡಿ ಬೀಜದ ಬಳ್ಳಿಗಳು ಹಣ್ಣು ಬಿಟ್ಟವು. ತನ್ನನ್ನು ಕಳೆಗೆ ಕಳಿಸಿರೆಂದು ಬಾನುಬಿಯೇ ಕೇಳಿದ್ದಳು, ಮಾಸ್ತರರು ಕೇಳಿಸಿಕೊಂಡಿರಲಿಲ್ಲ. ಈಗ ಅವಳು ಈಳಿಗೆಯ ಮುಂದೆ ಕುಳಿತು ಕೊಯ್ದು ಕೊಡುತ್ತಾಳೆ. ತಿನ್ನುವವರು ಬೀಜ ಬೇಕಾದ ಹೆಂಗಸರು. ಅವಳು ಎದುರಿಗೆ ಕುಳಿತು ಅವರ ಮುಖ ನೋಡುತ್ತಾಳೆ. ಮೊದಲ ದಿನವೇ ಶ್ವೇತಾ ಒಂದು ಚೂರು ಅಗಿದು, ಹಿರಿಯರ ಮುಂದೆ ಹಣ್ಣನ್ನು ಹಳಿಯುವುದೇಕೆಂದೋ ಏನೋ, ಚಲೋ ಇದೆ ಎಂದಳು. ಅಷ್ಟರಲ್ಲೇ ಅವಳ ಎಡಗಣ್ಣು ಒಂದಿಷ್ಟು ಕಿರಿದಾಗಿತ್ತು. ಬಾನುಬಿ ಹಣ್ಣನ್ನು ತಿಪ್ಪೆಯ ಬುಟ್ಟಿಗೆ ಎಸೆದಳು.

"ಕಹಿ ಇದ್ರ ಕಹಿ ಅನ್ನವಾ. ನಾ ಒಬ್ಬಾಕಿ ಸುಳ್ಳು ಹೇಳಿದ್ದು ಸಾಕು."

ಹೆಂಗಸರು ನಕ್ಕರು. ಬಾನುಬಿ ಅದೇ ಹಣ್ಣಿನ ಚೂರೊಂದನ್ನು ಬುಟ್ಟಿಯಿಂದ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ನಗು ನಿಂತಿತು. ಎಲ್ಲರೂ ನೋಡುತ್ತಿದ್ದಂತೆ ನಿಧಾನಕ್ಕೆ, ಬಹಳ ಹೊತ್ತು ಅಗಿದಳು.

"ನನಗೇನೂ ಗೊತ್ತಾಗವಲ್ದು," ಎಂದು ಉಗುಳಿ, ಮುಂದಿನ ಹಣ್ಣು ಕೈಗೆತ್ತಿಕೊಂಡಳು.